ನೈಟ್ ಡ್ಯೂಟಿ, ಹಗಲು ಓದು: ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆಯೇ?

ಪ್ರಶ್ನೆ: ನನಗೆ 27 ವರ್ಷ. ಐಸಿಯುನಲ್ಲಿ ನರ್ಸ್ ಆಗಿದ್ದೇನೆ. ತಿಂಗಳಲ್ಲಿ ಅರ್ಧದಷ್ಟು 12 ಗಂಟೆಯ ನೈಟ್ ಡ್ಯೂಟಿ. ಇದರ ಜೊತೆಗೆ ಸ್ನಾತಕೋತ್ತರ ಪದವಿಗೂ ಓದುತ್ತಿದ್ದೇನೆ. ಎಷ್ಟೋ ದಿನ ಡ್ಯೂಟಿ ಮುಗಿಸಿ ನೇರವಾಗಿ ಕ್ಲಾಸಿಗೆ ಹೋಗುತ್ತೇನೆ. ನಿದ್ದೆ ಐದು ಗಂಟೆ ಸಿಕ್ಕರೆ ಹೆಚ್ಚು. ರಾತ್ರಿಗೆ ಆರು ಕಪ್ ಕಾಫಿ ಆಗುತ್ತದೆ. ಒಂದು ವರ್ಷದಲ್ಲಿ 6 ಕೆಜಿ ತೂಕ ಏರಿದೆ. ಸೊಂಟ ನೋವಿಗೆ ವಾರದಲ್ಲಿ ಮೂರ್ನಾಲ್ಕು ಸಲ ಮಾತ್ರೆ ನುಂಗುತ್ತೇನೆ. ಉರಿಮೂತ್ರ ಎರಡು ಸಲ ಬಂದಿತ್ತು. ಹೋದ ತಿಂಗಳು ಬೆಳಿಗ್ಗೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಒಂದು ಕ್ಷಣ ಕಣ್ಣು ಮುಚ್ಚಿಹೋಯಿತು. ಸೀನಿಯರ್‌ಗಳು ‘ಅಭ್ಯಾಸ ಆಗುತ್ತೆ ಬಿಡು’ ಅನ್ನುತ್ತಾರೆ. ನಿಜವಾಗಿ ಅಭ್ಯಾಸ ಆಗುತ್ತದೆಯೇ? ಇಲ್ಲಾ ಓದು ಬಿಡಬೇಕಾ?

ಉತ್ತರ:

ಸೊಂಟ, ತೂಕ, ಕಾಫಿ, ಉರಿಮೂತ್ರ ಎಲ್ಲದರ ಬಗ್ಗೆಯೂ ಹೇಳುತ್ತೇನೆ. ಆದರೆ ನಿಮ್ಮ ಪ್ರಶ್ನೆ ಓದುತ್ತಾ ನನಗೆ ಭಯವಾಗಿದ್ದು ಸ್ಕೂಟರಿನ ವಿಷಯಕ್ಕೆ. ಅದನ್ನು ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ತೊಂದರೆಗಳನ್ನು ವಾರಗಟ್ಟಲೆ ಸಮಯ ತೆಗೆದುಕೊಂಡು ಸರಿಮಾಡಬಹುದು. ಇದನ್ನು ನಿಮ್ಮ ಮುಂದಿನ ನೈಟ್ ಮುಗಿಯುವ ಮೊದಲೇ ಸರಿಮಾಡಬೇಕು.

ಗಾಡಿ ಓಡಿಸುವಾಗ ಕಣ್ಣು ಮುಚ್ಚಿಹೋಯಿತಲ್ಲ, ಅದು ಬರೀ ತೂಕಡಿಕೆ ಅಲ್ಲ. ಅಷ್ಟು ಹೊತ್ತು ನಿಮ್ಮ ಮಿದುಳು ನಿಜವಾಗಿಯೂ ನಿದ್ದೆ ಮಾಡಿತ್ತು. ಇದನ್ನು ಮೈಕ್ರೊಸ್ಲೀಪ್ ಅನ್ನುತ್ತಾರೆ. ಕೆಲವೇ ಸೆಕೆಂಡು ಇರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಮೂರು ಸೆಕೆಂಡಿನಲ್ಲಿ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ, ಹ್ಯಾಂಡಲ್ ಹಿಡಿದವರು ಇಲ್ಲದ ಹಾಗೆ. ಎಷ್ಟೋ ಸಲ ಕಣ್ಣು ತೆರೆದೇ ಇರುತ್ತದೆ, ಮಿದುಳು ಮಾತ್ರ ನೋಡುತ್ತಿರುವುದಿಲ್ಲ. ಅಂದರೆ ನಿಮಗೆ ಗೊತ್ತಾಗಿದ್ದು ಒಂದು ಸಲ. ಗೊತ್ತಾಗದೆ ಹೋದದ್ದು ಇನ್ನೂ ಇರಬಹುದು.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಮದ್ಯದ ಜೊತೆ ಹೋಲಿಸಿ ಅಳೆದರು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟು ಕೆಟ್ಟಿತ್ತು. 24 ಗಂಟೆ ಆಗುವ ಹೊತ್ತಿಗೆ 0.10 ಶೇಕಡಾಕ್ಕೆ ಸಮವಾಗಿತ್ತು. ಎಷ್ಟೋ ದೇಶಗಳಲ್ಲಿ 0.05 ದಾಟಿದರೆ ಗಾಡಿ ಓಡಿಸುವುದೇ ಅಪರಾಧ. ನೀವು ಮೊದಲ ನೈಟ್‌ಗೆ ಹೋಗುವ ದಿನ ಬೆಳಿಗ್ಗೆ ಎದ್ದವರು ಮಧ್ಯಾಹ್ನ ಮಲಗದೆ ಡ್ಯೂಟಿಗೆ ಹೋದರೆ, ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತುವಾಗ 24 ಗಂಟೆ ದಾಟಿರುತ್ತದೆ. 2005ರಲ್ಲಿ ಅಮೆರಿಕದ ಇಂಟರ್ನ್ ಡಾಕ್ಟರುಗಳ ಮೇಲೆ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 24 ಗಂಟೆ ದಾಟಿದ ಶಿಫ್ಟ್ ಮುಗಿಸಿ ಹೊರಟವರು ಮನೆಗೆ ಹೋಗುವ ದಾರಿಯಲ್ಲಿ ಅಪಘಾತ ಮಾಡಿಕೊಳ್ಳುವ ಸಂಭವ, ಮಾಮೂಲಿ ಶಿಫ್ಟ್ ಮುಗಿಸಿದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಕೂದಲೆಳೆಯಲ್ಲಿ ತಪ್ಪಿಹೋದ ಅಪಘಾತಗಳ ಲೆಕ್ಕದಲ್ಲಂತೂ ಸುಮಾರು ಆರು ಪಟ್ಟು.

ಹಾಗಾಗಿ ನನ್ನ ಮೊದಲ ಮಾತು ಇದು. ನೈಟ್ ಮುಗಿದ ಬೆಳಿಗ್ಗೆ ನೀವು ಗಾಡಿ ಓಡಿಸಬೇಡಿ. ಬಸ್ಸು, ಆಟೊ, ಮನೆಯವರು, ಬೆಳಗಿನ ಪಾಳಿಗೆ ಯಾರನ್ನಾದರೂ ಬಿಡಲು ಬಂದ ಗಾಡಿ, ಯಾವುದಾದರೂ ಆಗಲಿ. ಓಡಿಸಲೇಬೇಕಾದ ದಿನ ಹ್ಯಾಂಡೋವರ್ ಆದ ಮೇಲೆ ಡ್ಯೂಟಿ ರೂಮಿನಲ್ಲಿ 20 ನಿಮಿಷ ಅಲಾರಂ ಇಟ್ಟು ಮಲಗಿ. ಎದ್ದ ಕೂಡಲೇ ಹೊರಡಬೇಡಿ. ನಿದ್ದೆಯಿಂದ ಎದ್ದಾಗ ತಲೆ ಮಂಕಾಗಿರುತ್ತದೆ, ಅದು ಹೋಗಲು ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕು. ಮುಖಕ್ಕೆ ತಣ್ಣೀರು, ಜೋರಾಗಿ ಹಾಡು, ಮುಖಕ್ಕೆ ಬಡಿಯುವ ಗಾಳಿ, ಇವನ್ನು ನಂಬಬೇಡಿ. ಇವು ಒಂದೆರಡು ನಿಮಿಷ ಎಚ್ಚರ ಇಡುತ್ತವೆ, ಅಷ್ಟೇ. ಆಮೇಲೂ ದಾರಿಯಲ್ಲಿ ಕಣ್ಣು ಎಳೆಯುತ್ತಿದೆ ಅನಿಸಿದರೆ ಪಕ್ಕಕ್ಕೆ ನಿಲ್ಲಿಸಿ, ಮನೆಗೆ ಫೋನ್ ಮಾಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಭ್ಯಾಸ ಆಗುತ್ತದೆಯೇ?

ಸೀನಿಯರ್‌ಗಳು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆಯೇ ಅನಿಸುತ್ತದೆ. ಅಪಾಯ ಇರುವುದೇ ಅಲ್ಲಿ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರನ್ನು 14 ದಿನ ಲ್ಯಾಬಿನಲ್ಲೇ ಇರಿಸಿದರು. ಒಂದು ಗುಂಪಿಗೆ ದಿನಕ್ಕೆ ಆರು ಗಂಟೆ ಮಾತ್ರ ನಿದ್ದೆ. ಅವರ ಗಮನ ಮತ್ತು ನೆನಪಿನ ಪರೀಕ್ಷೆಯ ಅಂಕ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. ಎರಡು ವಾರ ಮುಗಿಯುವಾಗ ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂದು ನಿಂತಿತ್ತು. ಆದರೆ ‘ನಿದ್ದೆ ಬರುತ್ತಿದೆಯಾ’ ಎಂದು ಕೇಳಿದರೆ ಅವರ ಉತ್ತರ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತುಬಿಟ್ಟಿತ್ತು. ಸುಸ್ತಿನ ಅನಿಸಿಕೆ ಏರುವುದು ನಿಂತಿತು, ತಪ್ಪು ಮಾಡುವುದು ಏರುತ್ತಲೇ ಇತ್ತು. ನೀವು ಐದು ಗಂಟೆಯಲ್ಲಿದ್ದೀರಿ, ಅದೂ ಎರಡು ವಾರದ ಮಾತಲ್ಲ.

ದೇಹದ ಗಡಿಯಾರದ ಕಥೆಯೂ ಹೀಗೆಯೇ. ಮಿದುಳಿನ ಮಧ್ಯಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಒಂದು ಪುಟ್ಟ ಜೀವಕೋಶಗಳ ಗೊಂಚಲು ಇದೆ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಹೊತ್ತು ಲೆಕ್ಕ ಹಾಕುತ್ತದೆ. ದೇಹದ ಉಷ್ಣತೆ, ಹಾರ್ಮೋನು, ಜೀರ್ಣಶಕ್ತಿ, ಎಲ್ಲವೂ ಅದರ ತಾಳಕ್ಕೆ ನಡೆಯುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ನೀವು ರಾತ್ರಿ ಎಷ್ಟು ವರ್ಷ ಕೆಲಸ ಮಾಡಿದರೂ, ಮನೆಗೆ ಹೋಗುವಾಗ ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಗಡಿಯಾರ ಮತ್ತೆ ಹಗಲಿಗೇ ತಿರುಗಿಕೊಳ್ಳುತ್ತದೆ. ರಜೆಯ ದಿನ ನೀವು ಎಲ್ಲರ ಹಾಗೆ ಹಗಲು ಎಚ್ಚರವಿದ್ದು ರಾತ್ರಿ ಮಲಗುತ್ತೀರಿ, ಅಲ್ವಾ? ಆಗ ಮತ್ತೊಮ್ಮೆ ತಿರುಗುತ್ತದೆ. ಪೂರ್ತಿಯಾಗಿ ರಾತ್ರಿಗೆ ಹೊಂದಿಕೊಳ್ಳುವವರು ನೈಟ್ ಮಾಡುವವರಲ್ಲಿ ತೀರಾ ಕಡಿಮೆ. ಹಗಲು ನಿದ್ದೆ ರಾತ್ರಿಯ ನಿದ್ದೆಗಿಂತ ಒಂದರಿಂದ ನಾಲ್ಕು ಗಂಟೆ ಕಡಿಮೆ ಆಗುವುದೂ ಇದೇ ಕಾರಣಕ್ಕೆ. ಹೊರಗಿನ ಗಲಾಟೆಯಿಂದ ಮಾತ್ರ ಎಚ್ಚರವಾಗುವುದಿಲ್ಲ, ಒಳಗಿನಿಂದಲೇ ‘ಏಳು’ ಎಂದು ಕರೆ ಬರುತ್ತಿರುತ್ತದೆ.

ಹಾಗಾಗಿ ಒಗ್ಗಿಕೊಳ್ಳಲು ಕಾಯಬೇಡಿ. ನಿಮ್ಮ ಹೆಚ್ಚಿನ ತೊಂದರೆಗಳ ಬುಡ ಒಂದೇ, ನಿದ್ದೆಯ ಸಾಲ. ಕಾಫಿ, ನೋವಿನ ಮಾತ್ರೆ, ನಡುರಾತ್ರಿ ಬಾಯಾಡಿಸುವುದು, ಇವೆಲ್ಲಾ ಆ ಸಾಲಕ್ಕೆ ನೀವು ಕಟ್ಟುತ್ತಿರುವ ಬಡ್ಡಿ. ಎಲ್ಲವನ್ನೂ ಒಟ್ಟಿಗೆ ಬಿಡಲು ಹೋದರೆ ಯಾವುದೂ ಆಗುವುದಿಲ್ಲ. ನಿದ್ದೆಯಿಂದ ಶುರು ಮಾಡಿ.

ನೀವು ಏಳು ಗಂಟೆ ಒಂದೇ ಸಮನೆ ಮಲಗಲು ಪ್ರಯತ್ನಿಸಿ ಸೋತಿದ್ದೀರಿ ಅನಿಸುತ್ತದೆ. ಹಗಲಲ್ಲಿ ಅದು ಹೆಚ್ಚಿನವರಿಗೆ ಆಗದ ಕೆಲಸ. ಎರಡು ಕಂತು ಮಾಡಿ. ನೈಟ್ ಮುಗಿದು ಮನೆಗೆ ಬಂದ ಕೂಡಲೇ ನಾಲ್ಕೂವರೆ, ಐದು ಗಂಟೆ. ಸಂಜೆ ಡ್ಯೂಟಿಗೆ ಹೊರಡುವ ಮೊದಲು ಇನ್ನೊಂದು ಒಂದೂವರೆ, ಎರಡು ಗಂಟೆ. ಈ ಎರಡನೆಯ ಕಂತು ತುಂಬಾ ಮುಖ್ಯ. ಬೆಳಗಿನ ಜಾವದ ಹೊತ್ತಿಗೆ ನಿಮ್ಮ ತಲೆ ಎಷ್ಟು ಚುರುಕಾಗಿರುತ್ತದೆ ಅನ್ನುವುದು ಬಹಳಷ್ಟು ಅದರ ಮೇಲೆ ನಿಂತಿದೆ. ಮೊದಲ ನೈಟ್‌ನ ದಿನವಂತೂ ಮಧ್ಯಾಹ್ನ ಮಲಗದೆ ಡ್ಯೂಟಿಗೆ ಹೋಗಬೇಡಿ. ನಿದ್ದೆ ಬರದಿದ್ದರೂ ಕತ್ತಲಲ್ಲಿ ಕಣ್ಣು ಮುಚ್ಚಿ ಮಲಗಿರಿ.

ರೂಮು ಕತ್ತಲಾಗಿರಬೇಕು. ಅಂಗೈ ಮುಖದ ಮುಂದೆ ಹಿಡಿದರೆ ಸರಿಯಾಗಿ ಕಾಣಬಾರದು, ಅಷ್ಟು ಕತ್ತಲು. ದಪ್ಪ ಪರದೆ ಇಲ್ಲದಿದ್ದರೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಅಥವಾ ಕಣ್ಣಿಗೆ ಪಟ್ಟಿ. ರೂಮು ತಂಪಾಗಿದ್ದಷ್ಟೂ ಒಳ್ಳೆಯದು. ಫೋನು ಸೈಲೆಂಟ್ ಮಾಡಿ ಬೇರೆ ರೂಮಿನಲ್ಲಿಡಿ. ಮನೆಯವರಿಗೆ ಬಾಯಿಬಿಟ್ಟು ಹೇಳಿ: ಹಗಲು ಹನ್ನೆರಡು ಗಂಟೆಗೆ ನನ್ನನ್ನು ಎಬ್ಬಿಸುವುದೂ ಒಂದೇ, ನಿಮ್ಮನ್ನು ನಡುರಾತ್ರಿ ಎಬ್ಬಿಸುವುದೂ ಒಂದೇ. ಎಷ್ಟೋ ಮನೆಗಳಲ್ಲಿ ನೈಟ್ ಮಾಡಿ ಬಂದವರಿಗೆ ‘ಹಗಲೆಲ್ಲಾ ಮನೆಯಲ್ಲೇ ಇರ್ತಾರಲ್ಲ’ ಎಂದು ಕೆಲಸ ಹಚ್ಚುತ್ತಾರೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಜಾಸ್ತಿ. ಈ ಮಾತನ್ನು ಒಮ್ಮೆ ಗಟ್ಟಿಯಾಗಿ ಆಡಲೇಬೇಕು.

ಬೆಳಕನ್ನೂ ಬಳಸಿಕೊಳ್ಳಿ. ಡ್ಯೂಟಿಯ ಮೊದಲ ಅರ್ಧದಲ್ಲಿ ಚೆನ್ನಾಗಿ ಬೆಳಕಿರುವ ಕಡೆ ಕೆಲಸ ಮಾಡಿ. ಕೊನೆಯ ಎರಡು ಗಂಟೆ ಸಾಧ್ಯವಾದಷ್ಟು ಮಂದ ಬೆಳಕು. ಬೇರೆಯವರು ಗಾಡಿ ಓಡಿಸುತ್ತಿದ್ದರೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ನೀವೇ ಓಡಿಸುತ್ತಿದ್ದರೆ ಬೇಡ, ಇರುವ ಎಚ್ಚರವೂ ಹೋಗುತ್ತದೆ.

ಡ್ಯೂಟಿಯ ನಡುವೆ ಮಲಗಲು ಅವಕಾಶವಿದ್ದರೆ ನಾಚಿಕೊಳ್ಳಬೇಡಿ. ಯಾರಾದರೂ ನಿಮ್ಮ ರೋಗಿಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿ 20 ನಿಮಿಷ ಮಲಗುವುದು ಸೋಮಾರಿತನ ಅಲ್ಲ. ದೂರದ ವಿಮಾನ ಓಡಿಸುವ ಪೈಲಟ್‌ಗಳ ಮೇಲೆ ನಾಸಾ ಇದನ್ನು ಪ್ರಯೋಗ ಮಾಡಿ ನೋಡಿತ್ತು. ಸರದಿಯ ಮೇಲೆ 40 ನಿಮಿಷದ ಬಿಡುವು ಕೊಟ್ಟರೆ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡುತ್ತಿದ್ದರು. ವಿಮಾನ ಇಳಿಸುವ ಹೊತ್ತಿಗೆ ಮಲಗದವರಿಗಿಂತ ಸ್ಪಷ್ಟವಾಗಿ ಚುರುಕಾಗಿರುತ್ತಿದ್ದರು. ಐಸಿಯುನಲ್ಲಿ ಇದಕ್ಕಿಂತ ಕಡಿಮೆ ಎಚ್ಚರ ಸಾಕಾ?

ಈಗ ಕಾಫಿ. ನಾವು ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೋಗಿ ಕೂರುವ ಜಾಗದಲ್ಲಿ ಕೂತಾಗ ನಿದ್ದೆ ಬರುತ್ತದೆ. ಕಾಫಿಯಲ್ಲಿರುವ ಕೆಫೀನ್ ಮಾಡುವುದು ಇಷ್ಟೇ: ಆ ಜಾಗದಲ್ಲಿ ತಾನು ಮೊದಲು ಹೋಗಿ ಕೂರುತ್ತದೆ. ಅಡಿನೊಸಿನ್ ಎಲ್ಲೂ ಹೋಗಿರುವುದಿಲ್ಲ. ಕೆಫೀನ್ ಎದ್ದ ಕೂಡಲೇ ಕಾದಿದ್ದದ್ದೆಲ್ಲಾ ಒಟ್ಟಿಗೆ ಬಂದು ಕೂರುತ್ತದೆ. ಕಾಫಿಯ ಕಾವು ಇಳಿದಾಗ ಮೈ ಧೊಪ್ಪನೆ ಬಿದ್ದ ಹಾಗೆ ಆಗುವುದು ಇದಕ್ಕೇ.

ಇನ್ನೊಂದು ಲೆಕ್ಕ ನೋಡಿ. ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ನೀವು ಎರಡು ಕಪ್ ಕುಡಿದು 200 ಮಿಲಿಗ್ರಾಂ ಒಳಗೆ ಹೋಯಿತು ಅಂದುಕೊಳ್ಳಿ. ಒಂಬತ್ತಕ್ಕೆ ಮಲಗುವಾಗ 100 ಇನ್ನೂ ಇದೆ. ಮಧ್ಯಾಹ್ನ ಎರಡಕ್ಕೂ 50 ಉಳಿದಿದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ನಿಧಾನ, ಸುಮಾರು ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ ನಿದ್ದೆ ಒಂದು ಗಂಟೆಗೂ ಜಾಸ್ತಿ ಕಡಿಮೆಯಾಗಿತ್ತು. ‘ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ’ ಅನ್ನುವವರಿಗೂ ನಿದ್ದೆ ಬರುತ್ತದೆ ನಿಜ, ಆದರೆ ಗಾಢವಾಗಿ ಬರುವುದಿಲ್ಲ.

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಮಿತಿ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿತು. ದೊಡ್ಡ ಕಪ್ ಆದರೆ ಒಂದರಲ್ಲಿ 80ರಿಂದ 100 ಮಿಲಿಗ್ರಾಂ ಇರುತ್ತದೆ. ಆರು ಕಪ್ ಅಂದರೆ ಮಿತಿ ದಾಟಿರಬಹುದು. ಒಮ್ಮೆಗೇ ಬಿಟ್ಟರೆ ತಲೆನೋವು ಬಂದು ಮತ್ತೆ ಅದಕ್ಕೇ ಹೋಗುತ್ತೀರಿ. ಮೂರ್ನಾಲ್ಕು ದಿನಕ್ಕೆ ಒಂದು ಕಪ್‌ನಂತೆ ಇಳಿಸಿ. ಉಳಿದದ್ದನ್ನು ಡ್ಯೂಟಿಯ ಮೊದಲ ಅರ್ಧದಲ್ಲೇ ಸ್ವಲ್ಪ ಸ್ವಲ್ಪವಾಗಿ ಕುಡಿದು ಮುಗಿಸಿ. ರಾತ್ರಿ ಎರಡರ ನಂತರ ಬೇಡ. ಎನರ್ಜಿ ಡ್ರಿಂಕ್ ಮುಟ್ಟಬೇಡಿ. ಒಂದೇ ಡಬ್ಬಿಯಲ್ಲಿ ಎಷ್ಟು ಕೆಫೀನ್, ಎಷ್ಟು ಸಕ್ಕರೆ ಹೋಯಿತು ಅನ್ನುವ ಲೆಕ್ಕವೇ ಸಿಗುವುದಿಲ್ಲ.

ಓದುವವರ ನಡುವೆ ಎಚ್ಚರ ಇರಿಸುವ ಮಾತ್ರೆಗಳೂ ಕೈಯಿಂದ ಕೈಗೆ ಓಡಾಡುತ್ತವೆ. ಗಮನದ ತೊಂದರೆ ಇರುವವರಿಗೆ, ನಿದ್ದೆಯ ಕಾಯಿಲೆ ಇರುವವರಿಗೆ ಡಾಕ್ಟರು ಬರೆಯುವ ಮಾತ್ರೆಗಳು ಅವು. ರಕ್ತದೊತ್ತಡ, ಎದೆಬಡಿತ ಏರಿಸುತ್ತವೆ, ಕೆಲವು ಚಟ ಹಿಡಿಸುತ್ತವೆ. ನಿದ್ದೆಯ ಜಾಗವನ್ನು ಯಾವುದೂ ತುಂಬುವುದಿಲ್ಲ. ಹಾಗೆಯೇ ಮಲಗಲು ಮದ್ಯ. ಬೇಗ ನಿದ್ದೆ ಹತ್ತುತ್ತದೆ, ಆದರೆ ಎರಡನೇ ಅರ್ಧ ಚೂರುಚೂರಾಗುತ್ತದೆ. ನೀವು ಇವೆರಡನ್ನೂ ಬರೆದಿಲ್ಲ. ಆದರೂ ಈ ಉತ್ತರ ಓದುವ ಬೇರೆಯವರಿಗೆ ಬೇಕಾಗಬಹುದು.

ತೂಕ ಏರಿದ್ದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ. ನಿದ್ದೆ ಕಡಿಮೆಯಾದಾಗ ಹಸಿವಿನ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನು ಇಳಿಯುತ್ತದೆ. ನಡುರಾತ್ರಿ ಸಿಹಿ, ಕರಿದದ್ದು ಬೇಕು ಅನಿಸುವುದು ಬಾಯಿಚಪಲ ಮಾತ್ರ ಅಲ್ಲ. ಇನ್ನೊಂದು ಕಡೆ, ರಾತ್ರಿ ಹೊತ್ತು ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. 2021ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ನನಗೆ ತುಂಬಾ ಉಪಯುಕ್ತ ಅನಿಸಿದೆ. 19 ಜನರನ್ನು ಲ್ಯಾಬಿನಲ್ಲಿ ನೈಟ್ ಶಿಫ್ಟ್‌ನವರ ಹಾಗೆ ರಾತ್ರಿ ಎಚ್ಚರ ಇರಿಸಿದರು. ಒಂದು ಗುಂಪು ರಾತ್ರಿಯೂ ಉಂಡಿತು, ಇನ್ನೊಂದು ಹಗಲು ಮಾತ್ರ. ರಾತ್ರಿ ಉಂಡವರ ರಕ್ತದ ಸಕ್ಕರೆ ಸರಾಸರಿ 6.4 ಶೇಕಡಾ ಏರಿತು. ಹಗಲು ಮಾತ್ರ ಉಂಡವರಲ್ಲಿ ಹೇಳಿಕೊಳ್ಳುವಷ್ಟು ಏರಲಿಲ್ಲ.

ಹಾಗೆಂದು 12 ಗಂಟೆ ಉಪವಾಸ ಇರಿ ಅನ್ನುವುದಿಲ್ಲ, ಐಸಿಯುನಲ್ಲಿ ಅದು ಸಾಧ್ಯವೂ ಇಲ್ಲ. ಡ್ಯೂಟಿಗೆ ಹೊರಡುವ ಮೊದಲು ಹೊಟ್ಟೆ ತುಂಬಾ ಊಟ ಮಾಡಿ. ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ದೊಡ್ಡ ಊಟ ಬೇಡ. ಹಸಿವಾದರೆ ಮನೆಯಿಂದ ತಂದ ಹಗುರವಾದದ್ದು, ಪ್ರೋಟೀನ್ ಇರುವಂಥದ್ದು ಸ್ವಲ್ಪ ತಿನ್ನಿ. ಮನೆಗೆ ಬಂದು ಮಲಗುವ ಮೊದಲು ಹಗುರವಾಗಿ ತಿಂದರೆ ಸಾಕು, ಹಸಿದುಕೊಂಡು ಮಲಗಿದರೆ ನಡುವೆ ಎಚ್ಚರವಾಗುತ್ತದೆ. ತೂಕ ಇಳಿಸಲು ಈಗ ಜಿಮ್ ಸೇರುವುದು, ಕಟ್ಟುನಿಟ್ಟಿನ ಡಯಟ್, ಇವು ಬೇಡ. ನಿದ್ದೆಯಿಂದ ಒಂದು ಗಂಟೆ ಕದ್ದು ಮಾಡುವ ವ್ಯಾಯಾಮ ಈ ಹಂತದಲ್ಲಿ ನಿಮಗೆ ನಷ್ಟ.

ಸೊಂಟದ ವಿಷಯಕ್ಕೆ ಬರೋಣ. ರೋಗಿಯನ್ನು ಮೇಲೆ ಎಳೆಯುವಾಗ ನೀವು ಹೇಗೆ ನಿಲ್ಲುತ್ತೀರಿ ನೆನಪಿಸಿಕೊಳ್ಳಿ. ಮಂಚ ಸೊಂಟಕ್ಕಿಂತ ಕೆಳಗೆ. ನೀವು ಬಗ್ಗಿ, ಕೈ ಚಾಚಿ, ಸ್ವಲ್ಪ ತಿರುಚಿಕೊಂಡು ಎಳೆಯುತ್ತೀರಿ. ಪಕ್ಕದಲ್ಲಿ ವೆಂಟಿಲೇಟರು, ಪಂಪು, ಕಾಲಿಡಲು ಜಾಗ ಇಲ್ಲ. ಬೆನ್ನಿನ ಡಿಸ್ಕಿಗೆ ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಮೂರೂ ಒಟ್ಟಿಗೆ ಆಗುವುದಕ್ಕಿಂತ ಕೆಟ್ಟದ್ದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದ ಪ್ರಕಾರ ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 35 ಪೌಂಡ್, ಅಂದರೆ ಸುಮಾರು 16 ಕೆಜಿ ದಾಟಬಾರದು. ದೊಡ್ಡವರ ಒಂದು ಕಾಲು ಎತ್ತಿ ಹಿಡಿದರೇ ಆ ಮಿತಿ ಹತ್ತಿರ ಬರುತ್ತದೆ. ಒಬ್ಬರೇ ಎಳೆಯುವುದು ಲೆಕ್ಕಕ್ಕೇ ಬರುವುದಿಲ್ಲ.

ಮಂಚವನ್ನು ನಿಮ್ಮ ಸೊಂಟದ ಎತ್ತರಕ್ಕೆ ಏರಿಸದೆ ರೋಗಿಗೆ ಕೈ ಹಾಕಬೇಡಿ. ಹತ್ತು ಸೆಕೆಂಡಿನ ಕೆಲಸ ಅದು. ಜಾರುವ ಶೀಟು ಇದ್ದರೆ ಬಳಸಿ, ಇಲ್ಲದಿದ್ದರೆ ಇನ್‌ಚಾರ್ಜ್ ಬಳಿ ಬರವಣಿಗೆಯಲ್ಲಿ ಕೇಳಿ. ಇಬ್ಬರು ಬರುವವರೆಗೆ ಕಾಯಿರಿ. ರಾತ್ರಿ ಜನ ಕಡಿಮೆ ಅನ್ನುವುದು ಗೊತ್ತು. ಆದರೂ ಸಹಾಯಕ್ಕೆ ಕರೆಯಲು ಸಂಕೋಚ ಪಟ್ಟು ಬೆನ್ನು ಹೋದ ಮೇಲೆ ಕೆಲಸವೇ ಬಿಟ್ಟವರನ್ನು ನಾನು ನೋಡಿದ್ದೇನೆ.

ಮಾತ್ರೆಯ ಬಗ್ಗೆ ನನಗೆ ಚಿಂತೆ ಇದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ, ನೀರು ಕುಡಿಯದ ದೇಹಕ್ಕೆ, ವಾರದಲ್ಲಿ ಮೂರ್ನಾಲ್ಕು ಸಲ ತಿಂಗಳುಗಟ್ಟಲೆ ಕೊಟ್ಟರೆ ಹೊಟ್ಟೆಯ ಹುಣ್ಣು, ಕಿಡ್ನಿಗೆ ಪೆಟ್ಟು ಎರಡೂ ಆಗಬಹುದು. ಔಷಧ ಕೈಗೆ ಸಿಗುವ ಜಾಗದಲ್ಲಿ ಕೆಲಸ ಮಾಡುವವರಿಗೆ ತಮಗೆ ತಾವೇ ಮದ್ದು ಕೊಟ್ಟುಕೊಳ್ಳುವುದು ಸುಲಭ. ನಿಮ್ಮ ರೋಗಿಯೊಬ್ಬರು ಹೀಗೆ ಮಾಡುತ್ತೇನೆ ಅಂದಿದ್ದರೆ ನೀವು ಬಿಡುತ್ತಿದ್ದಿರಾ? ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಿ.

ಉರಿಮೂತ್ರಕ್ಕೆ ದೊಡ್ಡ ವಿವರ ಬೇಡ. ನೀರು ಕುಡಿಯುವುದಿಲ್ಲ, ಬಂದ ಮೂತ್ರವನ್ನು ಆರೇಳು ಗಂಟೆ ಹಿಡಿದುಕೊಳ್ಳುತ್ತೀರಿ, ಅಷ್ಟೇ ತಾನೆ? ಮೂರು ಗಂಟೆಗೊಮ್ಮೆ ಹೋಗಲೇಬೇಕು ಎಂದು ಇಟ್ಟುಕೊಳ್ಳಿ, ಬಾಟಲಿ ನರ್ಸಿಂಗ್ ಸ್ಟೇಷನ್ನಿನ ಹತ್ತಿರವೇ ಇರಲಿ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅನ್ನುತ್ತೇವೆ. ಆಗ ಮೂತ್ರದ ಕಲ್ಚರ್ (ಯಾವ ರೋಗಾಣು ಎಂದು ನೋಡುವ ಪರೀಕ್ಷೆ) ಮಾಡಿಸದೆ ಆಂಟಿಬಯೋಟಿಕ್ ತೆಗೆದುಕೊಳ್ಳಬಾರದು. ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು ಬಂದರೆ ಕಾಯಬೇಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಸೂಜಿ. ದಣಿದವರ ಕೈಗೆ ಸೂಜಿ ಚುಚ್ಚುವುದು ಜಾಸ್ತಿ, ಇಂಟರ್ನ್‌ಗಳ ಮೇಲಿನ ಅಧ್ಯಯನಗಳಲ್ಲಿ ಇದೂ ಕಂಡಿದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಎಷ್ಟೇ ಅವಸರ ಇರಲಿ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಇರುವ ರೋಗಿಯ ಸೂಜಿಯಿಂದ ಸೋಂಕು ತಗಲುವ ಸಂಭವ 30 ಶೇಕಡಾವರೆಗೂ ಇದೆ. ಎಚ್‌ಐವಿಗೆ ಅದು ಸುಮಾರು 0.3 ಶೇಕಡಾ. ನಿಮಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯೇ, ಆಮೇಲೆ ಆಂಟಿಬಾಡಿ ಮಟ್ಟ ನೋಡಿಸಿದ್ದೀರಾ? ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಆ ಗಂಟೆಯಲ್ಲೇ ವರದಿ ಮಾಡಿ. ಎಚ್‌ಐವಿ ತಡೆಯುವ ಔಷಧ ಕೆಲವೇ ಗಂಟೆಗಳಲ್ಲಿ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ‘ಬೈಗುಳ ತಿನ್ನಬೇಕಲ್ಲ’ ಎಂದು ಮುಚ್ಚಿಡುವವರು ಇದ್ದಾರೆ. ಮುಚ್ಚಿಡಬೇಡಿ.

ದೂರದ ಅಪಾಯಗಳ ಬಗ್ಗೆ ಹೆದರಿಸುವ ಸುದ್ದಿ ನೀವೂ ಓದಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದ್ದು’ ಎಂಬ ಗುಂಪಿಗೆ ಸೇರಿಸಿತು. ನೈಟ್ ಮಾಡಿದವರಿಗೆಲ್ಲಾ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥ ಅಲ್ಲ. ಇರುವ ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು ಅದು ಹೇಳುತ್ತದೆ, ನಿಮ್ಮೊಬ್ಬರ ಅಪಾಯ ಎಷ್ಟು ಅನ್ನುವುದನ್ನಲ್ಲ. ನನಗೆ ಇದಕ್ಕಿಂತ ಹತ್ತಿರದ ಚಿಂತೆ ಹೃದಯ ಮತ್ತು ಮಿದುಳಿನದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಂದು ಲೆಕ್ಕ ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಜಾಸ್ತಿ. ನಿಮ್ಮ ಡ್ಯೂಟಿ, ಕ್ಲಾಸು, ಓದು ಮೂರನ್ನೂ ಒಂದು ವಾರ ಬರೆದಿಟ್ಟು ಕೂಡಿ ನೋಡಿ. ಓದಿನ ಗಂಟೆ ಆ ಲೆಕ್ಕದಲ್ಲಿ ಸೇರಿಲ್ಲ, ನಿಜ. ಆದರೆ ನಿದ್ದೆಯನ್ನು ತಿನ್ನುವುದರಲ್ಲಿ ಅದಕ್ಕೂ ಡ್ಯೂಟಿಗೂ ವ್ಯತ್ಯಾಸ ಇಲ್ಲ.

ಇಷ್ಟು ಹೊತ್ತು ನೀವು ಏನು ಮಾಡಬೇಕು ಎಂದೇ ಹೇಳುತ್ತಾ ಬಂದೆ. ಇದು ನಿಮ್ಮೊಬ್ಬರ ಹೊಣೆ ಎಂದು ಮಾತ್ರ ತಿಳಿಯಬೇಡಿ. ರೋಸ್ಟರ್, ಅಂದರೆ ಪಾಳಿಯ ಪಟ್ಟಿ, ಹಾಕುವವರ ಪಾಲೇ ದೊಡ್ಡದು. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಿಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನಿದ್ದೆಯಿಲ್ಲದೆ ದುಡಿಯುವ ಕಿರಿಯ ಡಾಕ್ಟರುಗಳ ವಿಷಯ ಆಗ ದೊಡ್ಡದಾಗಿ ಎದ್ದಿತು. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅಮೆರಿಕದಾದ್ಯಂತ ತರಬೇತಿಯ ಡಾಕ್ಟರುಗಳಿಗೆ ಅದು ಬಂತು. 2004ರ ಒಂದು ಅಧ್ಯಯನ ಐಸಿಯುನಲ್ಲೇ ನಡೆಯಿತು: ಉದ್ದ ಶಿಫ್ಟ್‌ಗಳ ಹಳೆಯ ಪದ್ಧತಿಯಲ್ಲಿ ಇಂಟರ್ನ್‌ಗಳು ಮಾಡಿದ ಗಂಭೀರ ತಪ್ಪುಗಳು, ಶಿಫ್ಟ್ ಚಿಕ್ಕದು ಮಾಡಿದಾಗಿನದಕ್ಕಿಂತ 36 ಶೇಕಡಾ ಜಾಸ್ತಿ ಇದ್ದವು. ಜನ ಅವರೇ, ಓದಿದ್ದೂ ಅದೇ. ಬದಲಾಗಿದ್ದು ರೋಸ್ಟರ್.

ಇನ್‌ಚಾರ್ಜ್ ಹತ್ತಿರ ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಕೇಳಬೇಕಾದದ್ದು ಇಷ್ಟು. ಸಾಲಾಗಿ ಮೂರಕ್ಕಿಂತ ಹೆಚ್ಚು ನೈಟ್ ಬೇಡ. ಎರಡು ಡ್ಯೂಟಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು, ಯುರೋಪಿನಲ್ಲಿ ಇದು ಕಾನೂನು. ಪಾಳಿ ಬದಲಾಗುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಹೋಗಲಿ, ಹಿಂದಕ್ಕೆ ಬೇಡ. ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಕೊನೆಯ ನೈಟ್ ಆದ ಮೇಲೆ ಎರಡು ರಾತ್ರಿ ಪೂರ್ತಿ ರಜೆ. ರಾತ್ರಿ ಕೆಲಸಗಾರರಿಗೆ ಉಚಿತ ಆರೋಗ್ಯ ತಪಾಸಣೆ ಕೇಳುವ ಹಕ್ಕಿದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1990ರ ಒಪ್ಪಂದ ಹೇಳುತ್ತದೆ. ಎಲ್ಲಾ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ. ಆದರೂ ನಿಮ್ಮ ಮಾತಿಗೆ ಅದರಿಂದ ಬಲ ಬರುತ್ತದೆ.

ಓದು ಬಿಡಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಆದರೆ ಈಗಿನ ವೇಗದಲ್ಲಿ ಓದುವುದನ್ನು ಬಿಡಬೇಕು. ಎರಡು ವರ್ಷದ ಕೋರ್ಸನ್ನು ಮೂರು ವರ್ಷಕ್ಕೆ ಹಂಚಿಕೊಳ್ಳಲು ಅವಕಾಶವಿದೆಯೇ ಎಂದು ಕಾಲೇಜಿನಲ್ಲಿ ಕೇಳಿ. ನೈಟ್ ಮುಗಿದ ಬೆಳಗಿನ ಕ್ಲಾಸು ಬಿಡಿ, ರೆಕಾರ್ಡಿಂಗ್ ಅಥವಾ ಗೆಳತಿಯ ನೋಟ್ಸ್ ಸಾಕು. ಆ ಹೊತ್ತಿನಲ್ಲಿ ಕೇಳಿದ ಪಾಠ ಹೇಗೂ ತಲೆಯಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಓದಿದ್ದು ಗಟ್ಟಿಯಾಗುವುದು ಆಮೇಲೆ ಬರುವ ನಿದ್ದೆಯಲ್ಲಿ. ನಿದ್ದೆ ಕೆಟ್ಟು ನಾಲ್ಕು ಗಂಟೆ ಓದುವುದಕ್ಕಿಂತ ಮಲಗಿ ಎದ್ದು ಒಂದೂವರೆ ಗಂಟೆ ಓದಿದರೆ ಹೆಚ್ಚು ಉಳಿಯುತ್ತದೆ. ಡ್ಯೂಟಿ ಇಲ್ಲದ ದಿನ ಮಧ್ಯಾಹ್ನಕ್ಕೆ ಮೊದಲು ಕಷ್ಟದ ವಿಷಯ ಇಟ್ಟುಕೊಳ್ಳಿ. ನೈಟ್ ಇರುವ ವಾರ ಹೊಸ ಪಾಠ ಬೇಡ, ಓದಿದ್ದನ್ನು ತಿರುವಿಹಾಕಿದರೆ ಸಾಕು. ಪರೀಕ್ಷೆಯ ಹಿಂದಿನ ಎರಡು ವಾರ ನೈಟ್ ಬೇಡ ಎಂದು ಮೊದಲೇ ಬರೆದುಕೊಡಿ.

ಮನಸ್ಸಿನ ಬಗ್ಗೆ ನೀವು ಏನೂ ಬರೆದಿಲ್ಲ. ಹಾಗಾಗಿ ನಾನೇ ಕೇಳುತ್ತೇನೆ. ರೋಗಿಗಳ ಮೇಲೆ ಮೊದಲಿದ್ದ ಅಕ್ಕರೆ ಹೋಗಿ ‘ಏನಾದರೂ ಆಗಲಿ’ ಅನಿಸುತ್ತಿದೆಯೇ? ಎಷ್ಟು ಮಾಡಿದರೂ ಏನೂ ಮಾಡಿಲ್ಲ ಅನಿಸುತ್ತದೆಯೇ? ಮೈಯಲ್ಲಿ ಬಲವೇ ಇಲ್ಲ ಅನಿಸುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟ್ ಎಂದು ಗುರುತಿಸಿರುವುದು ಈ ಮೂರನ್ನೇ. ಕೆಲಸದ ಒತ್ತಡದಿಂದ ಆಗುವ ಸ್ಥಿತಿ ಎಂದು ಅದು ಹೇಳಿದೆ, ಆದ್ದರಿಂದ ಪರಿಹಾರವೂ ಕೆಲಸದ ಜಾಗದಲ್ಲೇ ಶುರುವಾಗಬೇಕು. ಆದರೆ ರಜೆಯಲ್ಲಿ, ಇಷ್ಟದವರ ಜೊತೆಯಲ್ಲಿ ಇದ್ದಾಗಲೂ ಎರಡು ವಾರಕ್ಕಿಂತ ಹೆಚ್ಚು ಯಾವುದರಲ್ಲೂ ಖುಷಿ ಸಿಗದಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬದುಕು ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಒಬ್ಬರೇ ಇರಬೇಡಿ, ಆ ದಿನವೇ ಹತ್ತಿರದವರಿಗೆ ಹೇಳಿ, ಡಾಕ್ಟರನ್ನು ಕಾಣಿ.

ಈ ತಿಂಗಳೊಳಗೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ. ನೀವು ಕೆಲಸ ಮಾಡುವ ವಾರ್ಡಿನ ಪರಿಚಯದ ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಬೇಡಿ, ಚೀಟಿ ಮಾಡಿಸಿ ರೋಗಿಯಾಗಿ ಕುಳಿತು ತೋರಿಸಿ. ಎಷ್ಟು ನೈಟ್ ಮಾಡುತ್ತೀರಿ, ಯಾವ ಮಾತ್ರೆ ಎಷ್ಟು ನುಂಗುತ್ತೀರಿ ಎಲ್ಲಾ ಹೇಳಿ. ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್, ಇಷ್ಟು ನೋಡಿಸಿ. ಬಿಸಿಲೇ ಕಾಣದಿದ್ದರೆ ವಿಟಮಿನ್ ಡಿ ಕೂಡ. ಜೋರಾಗಿ ಗೊರಕೆ ಹೊಡೆಯುತ್ತೀರಿ, ನಿದ್ದೆಯಲ್ಲಿ ಉಸಿರು ನಿಂತ ಹಾಗೆ ಆಗುತ್ತದೆ ಎಂದು ಮನೆಯವರು ಹೇಳಿದ್ದರೆ ಅದನ್ನೂ ಹೇಳಿ. ತೂಕ ಏರಿದವರಲ್ಲಿ ಸ್ಲೀಪ್ ಆಪ್ನಿಯಾ ಇರಬಹುದು. ಹಾಗಿದ್ದರೆ ನೀವು ಎಷ್ಟು ಗಂಟೆ ಮಲಗಿದರೂ ಸುಸ್ತು ಹೋಗುವುದಿಲ್ಲ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.